ದ್ವೀಪದ ಕಾಕಾ

ಗುಂಜಿಯಲ್ಲಿ ನಿಸರ್ಗಕ್ಕೆ ಬರವಿಲ್ಲ. ಖಾನಾಪುರ ದಾಟಿ ಲೋಂಡಾದತ್ತ ಹೊರಟ ರೈಲು ಇಲ್ಲಿ ನಿಂತರೆ ಕಿಟಕಿಯಾಚೆ ಕಾಣುವುದು ಮರ. ಮಳೆಗಾಲವಾದರೆ ಮರ ಮತ್ತು ನೀರು. ಇಷ್ಟಿದ್ದೂ ಈ ಭಾಗದ ಸ್ವಘೋಷಿತ ನಿಸರ್ಗಪ್ರೇಮಿ ವರ್ಷಕ್ಕೊಮ್ಮೆ, ಎರಡೇ ದಿನದ ಮಟ್ಟಿಗೆ, ಗಾಡಿ ತೆಗೆದುಕೊಂಡು ದ್ವೀಪವೊಂದಕ್ಕೆ ಹೋಗಿ ಬರಲು ಎರಡು ತಿಂಗಳು ತಯಾರಿ ನಡೆಸುತ್ತಾರೆ. ಅವರನ್ನು ಗುರುತಿಸುವುದು ಸುಲಭ. ವಯಸ್ಸು ಐವತ್ತರ ಆಚೀಚೆ. ನೌಕರಿ ಬೆಳಗಾವಿಯಲ್ಲಿ, ಮನೆ ಊರಿನಲ್ಲಿ. ಪ್ಯಾಂಟಿಗೆ ಸಾಮಾನ್ಯ ಮನುಷ್ಯನಿಗೆ ಬೇಕಾದುದಕ್ಕಿಂತ ನಾಲ್ಕು ಜೇಬು ಹೆಚ್ಚು. ಅವರು ನಡೆಸುವ ವಾಟ್ಸಾಪ್ ಗುಂಪಿನ ಹೆಸರಿನಲ್ಲಿ ‘ನೇಚರ್’ ಎಂಬುದು ಇದ್ದೇ ಇರುತ್ತದೆ, ಗುಂಪಿನ ಚಿತ್ರದಲ್ಲಿ ಯಾವುದೋ ದೇಶದ ಹಿಮಪರ್ವತ. ಚಿಕ್ಕವರಿಗೆ ಅವರು ಕಾಕಾ. ಪ್ರವಾಸದ ಮಟ್ಟಿಗೆ ಓರಗೆಯವರಿಗೂ ಕಾಕಾ. ನನ್ನ ವಾದ ಇಷ್ಟೆ: ಈ ಕಾಕಾ ಪ್ರೀತಿಸುವುದು ನಿಸರ್ಗವನ್ನಲ್ಲ, ಮುಗಿಸಬಹುದಾದ್ದನ್ನು. ಸಹ್ಯಾದ್ರಿಗೆ ಅಂಚಿಲ್ಲ, ಎಷ್ಟು ನಡೆದರೂ ಇನ್ನೊಂದು ಗುಡ್ಡ ಬಾಕಿ ಇರುತ್ತದೆ. ದ್ವೀಪಕ್ಕೆ ಅಂಚುಂಟು. ಸುತ್ತಲೂ ನೀರೇ ಗೆರೆ ಎಳೆದುಕೊಟ್ಟಿರುವುದರಿಂದ ಮಧ್ಯಾಹ್ನದ ಊಟದ ಹೊತ್ತಿಗೆ ಅದನ್ನು ಪೂರ್ತಿ ನೋಡಿ ಟಿಕ್ ಹಾಕಬಹುದು.

ಪುರಾವೆ ಬೇಕೆಂದರೆ ಅವರು ದ್ವೀಪ ಆರಿಸುವ ಕ್ರಮ ನೋಡಬೇಕು. ಕರ್ನಾಟಕದ ಕರಾವಳಿಗೆ ದ್ವೀಪಗಳ ಕೊರತೆಯೇನಿಲ್ಲ. ಆದರೆ ಮಲ್ಪೆಯ ಸೇಂಟ್ ಮೇರಿಸ್‌ಗೆ ದೋಣಿ ಹತ್ತಬೇಕು, ಮಳೆಗಾಲದಲ್ಲಿ ಅದೂ ಬಂದ್. ಮುರ್ಡೇಶ್ವರದಾಚೆಯ ನೇತ್ರಾಣಿಯಲ್ಲಿ ನೋಡುವಂಥದ್ದೆಲ್ಲ ನೀರಿನ ಕೆಳಗಿದೆ, ಕಾಕಾರಿಗೆ ನೀರಿನ ಮೇಲಿದ್ದರೇ ಕೆಮ್ಮು. ಕಾರವಾರದ ಸಮೀಪದ ಅಂಜದೀವ ನೌಕಾಪಡೆಯ ವಶದಲ್ಲಿದೆ. ಇವೆಲ್ಲಕ್ಕೂ ಇರುವ ಒಂದೇ ದೋಷವೆಂದರೆ ಗಾಡಿಯನ್ನು ದಡದಲ್ಲಿ ಬಿಡಬೇಕು. ಗಾಡಿಯಿಂದ ಇಳಿದ ಕಾಕಾ ತಿಗರಿ ಕಳಕೊಂಡ ಖಾನಾಪುರದ ಕುಂಬಾರನಂತೆ. ತಿರುಗಿಸಲು ಕೈಗೆ ಏನೂ ಸಿಗುವುದಿಲ್ಲ. ಹೀಗಾಗಿ ನಕಾಶೆಯ ಮೇಲೆ ಅವರ ಬೆರಳು ಬಂದು ನಿಲ್ಲುವುದು ಗೋವಾದ ದಿವಾರ್ ಮೇಲೆ. ಮಾಂಡೋವಿ ನದಿಯ ನಡುವೆ ಇರುವ ಈ ದ್ವೀಪಕ್ಕೆ ಓಲ್ಡ್ ಗೋವಾದಿಂದಲೂ ರಿಬಂದರಿನಿಂದಲೂ ಕಾರು ಸಮೇತ ದಾಟಿಸುವ ಫೆರಿಗಳಿವೆ. ದ್ವೀಪದೊಳಗೆ ಡಾಂಬರು ರಸ್ತೆ, ಇಕ್ಕೆಲದಲ್ಲಿ ಗದ್ದೆ, ಗುಡ್ಡದ ಮೇಲೊಂದು ಹಳೆಯ ಚರ್ಚು. ಪಕ್ಕದ ಚೋಡಣ ದ್ವೀಪದ ತುದಿಯಲ್ಲಿ ಸಲೀಂ ಅಲಿ ಪಕ್ಷಿಧಾಮ. ಎಲ್ಲವನ್ನೂ ಕಾರಿನ ಗಾಜು ಇಳಿಸಿ ನೋಡಬಹುದು. ಪಕ್ಷಿಧಾಮದ ಹೊರತು, ಮತ್ತು ಅದೇ ಕಾರಣಕ್ಕೆ ಪಕ್ಷಿಧಾಮಕ್ಕೆ ಸಿಗುವುದು ಇಪ್ಪತ್ತು ನಿಮಿಷ.

‘ಯೋಜನೆ ಹಾಕಿದವನನ್ನು ಹಂಗಿಸಬೇಡಿ, ಮೂರು ಗಾಡಿ ಜನವನ್ನು ಘಟ್ಟ ಇಳಿಸಿ ಹತ್ತಿಸುವುದು ಹುಡುಗಾಟವಲ್ಲ’ ಎಂದು ಯಾರಾದರೂ ಆಕ್ಷೇಪಿಸಬಹುದು. ಒಪ್ಪಬೇಕಾದ ಮಾತೇ. ಅನಮೋಡ ಘಾಟಿನಲ್ಲಿ ಯೋಜನೆಯಿಲ್ಲದೆ ಹೊರಟವರ ಗತಿ ಈ ಭಾಗದವರಿಗೆ ಹೊಸದಲ್ಲ. ಆದರೆ ಯೋಜನೆಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ನೋಡೋಣ. ‘ಬೆಳಿಗ್ಗೆ ಐದಕ್ಕ ಎಲ್ಲಾರೂ ಮಾವುಲಿ ಗುಡಿ ಮುಂದ ಇರಬೇಕು. ಐದಂದ್ರ ಐದ್ರೀ, ಯಾರಿಗೂ ಕಾಯಂಗಿಲ್ಲ’ ಎಂಬ ಘೋಷಣೆಯಿಂದ ಹಾಳೆ ಶುರುವಾಗುತ್ತದೆ. ಟೋಲಿಗೆ ಒಂದು ಕಾಲಂ. ಡೀಸೆಲ್‌ಗೆ ಒಂದು, ಹೋಗುವಾಗ ಎಷ್ಟು ಕಮ್ಮಿ ತುಂಬಿಸಿದರೆ ಗೋವಾದ ಪಂಪು ಮುಟ್ಟಬಹುದೆಂಬ ಸೂಕ್ಷ್ಮ ಲೆಕ್ಕ ಅದರಲ್ಲಿದೆ. ಶೇಂಗಾ ಚಟ್ನಿ, ಚಪಾತಿ, ಭಡಂಗ ಯಾರ ಮನೆಯಿಂದ ಎಷ್ಟು ಎಂಬುದಕ್ಕೊಂದು. ಕೊನೆಗೆ ‘ಇತರೆ’ ಎಂಬ ಕಾಲಂ. ಇದರ ಅರ್ಥ ತಿರುಗಿ ಬರುವಾಗ ಚೆಕ್‌ಪೋಸ್ಟಿನ ಅಬಕಾರಿ ಸಿಬ್ಬಂದಿಗೆ ಮಾತ್ರ ಆಗುತ್ತದೆ. ಇಲ್ಲದಿರುವುದು ಉಬ್ಬರವಿಳಿತದ ಕಾಲಂ. ಚೋಡಣದ ಕಾಂಡ್ಲಾ ಗಿಡಗಳ ನಡುವೆ ನೀರು ಇಳಿದಾಗ ಕೆಸರು ತೆರೆದುಕೊಳ್ಳುತ್ತದೆ, ಆಗ ನೀರುಹಕ್ಕಿಗಳು ಮೇಯಲು ಇಳಿಯುತ್ತವೆ. ನೀರು ಯಾವಾಗ ಇಳಿಯಬೇಕೆಂದು ಹೇಳುವುದು ಚಂದ್ರ, ಅವನು ಗುಂಪಿನ ಸದಸ್ಯನಲ್ಲ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಕಾಕಾ ಸಹಿಸದ ಗುಣ ಅದೊಂದೇ, ಮಾವುಲಿ ಗುಡಿಯ ಮುಂದೆ ಅವರ ಗುಂಪಿನವರು ತಪ್ಪದೆ ತೋರಿಸುವುದೂ ಅದನ್ನೇ. ಆರು ಗಂಟೆ ಹತ್ತು ನಿಮಿಷಕ್ಕೆ ಹೊರಟು, ತಿಂಡಿಗೆ ನಿಂತು, ತಿಂಡಿಯ ಫೋಟೋಕ್ಕೆ ನಿಂತು, ನಡು ಬಿಸಿಲಿನಲ್ಲಿ ಪಕ್ಷಿಧಾಮ ತಲುಪಿದ ಮೇಲೆ ಹಕ್ಕಿಗಳಿಲ್ಲವೆಂದು ಗೋವಾ ಸರಕಾರವನ್ನು ಬಯ್ಯುವುದು ನ್ಯಾಯವಲ್ಲ. ನಿಸರ್ಗವನ್ನು ಪ್ರೀತಿಸುವವನ ಹಾಳೆಯಲ್ಲಿ ಮೊದಲ ಸಾಲು ನೀರಿನದಾಗಿರುತ್ತಿತ್ತು, ಗಾಡಿ ಅದರ ಹಿಂದೆ ಬರುತ್ತಿತ್ತು.

ಇನ್ನೊಂದು ಆಕ್ಷೇಪ ಹೆಚ್ಚು ಮನುಷ್ಯಸಹಜವಾದದ್ದು. ಕಾಡಿನವನಿಗೆ ಸಮುದ್ರದ ಆಸೆ ಇರಬಾರದೆ? ಮನೆಯಲ್ಲಿರದ್ದನ್ನು ನೋಡಲೆಂದೇ ಅಲ್ಲವೇ ಪ್ರವಾಸ? ಸರಿಯೇ, ಆದರೆ ದಿವಾರ್ ಸಮುದ್ರದಲ್ಲಿಲ್ಲ, ನದಿಯಲ್ಲಿದೆ. ಆ ನದಿ ಬೇರೆ ಯಾವುದೂ ಅಲ್ಲ. ಖಾನಾಪುರ ತಾಲೂಕಿನ ದೇಗಾಂವ ಬಳಿ ಹುಟ್ಟಿ, ಭೀಮಗಡದ ಕಾಡು ಹಾದು, ಘಟ್ಟ ಇಳಿದ ಮಹದಾಯಿಯೇ ಗೋವಾದಲ್ಲಿ ಮಾಂಡೋವಿ. ಈ ನೀರಿಗಾಗಿ ಎರಡು ರಾಜ್ಯಗಳು ಎಷ್ಟೋ ವರ್ಷ ಬಡಿದಾಡಿವೆ. 2010ರಲ್ಲಿ ನ್ಯಾಯಾಧಿಕರಣ ಕೂತು, 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದು ತೀರ್ಪು ಕೊಟ್ಟಿತು. ಇದೇ ನೀರಿನ ಕಳಸಾ-ಬಂಡೂರಿ ಯೋಜನೆಗಾಗಿ ನರಗುಂದ, ನವಲಗುಂದದ ರೈತರು ರಸ್ತೆಗಿಳಿದರು. ಇತ್ತ ಕಾಕಾ ತಮ್ಮದೇ ತಾಲೂಕಿನ ನೀರನ್ನು ಭೇಟಿಯಾಗಲು ಘಟ್ಟ ಇಳಿದು, ಫೆರಿ ಹತ್ತಿ, ‘ಏನ್ ನೀರ್ರೀ ಇದು!’ ಎಂದು ಉದ್ಗರಿಸುತ್ತಾರೆ.

ನೀರಿನ ಕಥೆ ಹೀಗಾದರೆ ಇತಿಹಾಸದ್ದೂ ಅಷ್ಟೆ. ದ್ವೀಪದ ಮೇಲೆ ಒಂದು ಕಾಲಕ್ಕೆ ಸಪ್ತಕೋಟೇಶ್ವರನ ಗುಡಿಯಿತ್ತು, ಗೋವಾ ಕದಂಬರ ಕುಲದೈವ. ಪೋರ್ಚುಗೀಸರು ಅದನ್ನು ಕೆಡವಿದ ಮೇಲೆ ದೇವರು ಹೊಳೆ ದಾಟಿ ನಾರ್ವೆ ಎಂಬ ಹಳ್ಳಿಗೆ ಬಂದ. 1668ರಲ್ಲಿ ಶಿವಾಜಿ ಮಹಾರಾಜರು ಅಲ್ಲಿನ ಗುಡಿಯ ಜೀರ್ಣೋದ್ಧಾರ ಮಾಡಿಸಿದರು. ಅದೇ ಕದಂಬರ ದೊಡ್ಡ ನೆಲೆ ಹಲಸಿ, ಅಂದಿನ ಪಲಾಸಿಕಾ, ಬನವಾಸಿ ಕದಂಬರ ಕಾಲಕ್ಕೇ ಎರಡನೇ ರಾಜಧಾನಿ. ಭೂವರಾಹ ನರಸಿಂಹನ ಗುಡಿ ಇಂದಿಗೂ ನಿಂತಿದೆ. ಹಲಸಿ ಇರುವುದು ಖಾನಾಪುರ ತಾಲೂಕಿನಲ್ಲಿ. ಅದನ್ನು ಕಾಕಾ ನೋಡಿಲ್ಲವೆಂದಲ್ಲ, ಮದುವೆಯ ಊಟಕ್ಕೆ ಹೋದಾಗ ನೋಡಿದ್ದಾರೆ. ನದಿಯೂ ರಾಜರೂ ಇಲ್ಲಿಂದಲೇ ಅಲ್ಲಿಗೆ ಹೋಗಿರುವಾಗ ಕಾಕಾರ ಪ್ರವಾಸ ತವರಿನ ಸಾಮಾನನ್ನು ಪರವೂರಿನ ಅಂಗಡಿಯಲ್ಲಿ ಕೊಳ್ಳುವ ವ್ಯವಹಾರ. ಹೊಸತನ ನೀರಿನಲ್ಲೂ ಇಲ್ಲ, ಕಲ್ಲಿನಲ್ಲೂ ಇಲ್ಲ, ಅಂಚಿನಲ್ಲಿ ಮಾತ್ರ ಇದೆ.

‘ನಮ್ಮ ಕಾಡಿಗೆ ಬಿಡಬೇಕಲ್ರೀ?’ ಎಂಬುದು ಕಾಕಾರ ಸ್ವಂತ ಆಕ್ಷೇಪ, ಅವರ ವಾದಗಳಲ್ಲಿ ಅತ್ಯಂತ ಗಟ್ಟಿಯಾದದ್ದು. ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಯಿತು, 190 ಚದರ ಕಿಲೋಮೀಟರಿನಷ್ಟು ಕಾಡು. ಅಲ್ಲಿನ ಬಾರಾಪೇಡೆ ಗುಹೆಗಳಲ್ಲಿ ಬಹಳ ಅಪರೂಪದ ಬಾವಲಿಗಳಿವೆ. ಬಾವಲಿಗಳ ಮಟ್ಟಿಗೆ ಹೇಳುವುದಾದರೆ ಕಾಕಾರ ಗುಂಪು, ಅವರ ಬ್ಲೂಟೂತ್ ಸ್ಪೀಕರ್ ಸಮೇತ, ಗೋವಾಕ್ಕೆ ಹೋಗುವುದೇ ಕ್ಷೇಮ. ಮಳೆಗಾಲದಲ್ಲಿ ಅರಣ್ಯ ಇಲಾಖೆ ಜಲಪಾತಗಳ ಹಾದಿ ಮುಚ್ಚುವುದೂ ಸುಮ್ಮನೆ ಅಲ್ಲ, ಸೆಲ್ಫಿಗೆ ಜಾರುವವರಿದ್ದಾರೆ. ಇಷ್ಟು ಒಪ್ಪಿಕೊಂಡು ಒಂದು ಪ್ರಶ್ನೆ ಉಳಿಯುತ್ತದೆ. ಈ ತಾಲೂಕಿನಲ್ಲಿ ದ್ವೀಪಗಳಿಲ್ಲವೆಂದು ಯಾರು ಹೇಳಿದರು? ಗವಾಳಿ, ಕೊಂಗಳಾ, ಪಾಸ್ತೋಳಿ, ಆಮಗಾಂವ: ಮಳೆ ಹಿಡಿಯಿತೆಂದರೆ ಹಳ್ಳಗಳು ಉಕ್ಕಿ ಈ ಊರುಗಳು ಹೊರಗಿನಿಂದ ಕಡಿದುಹೋಗುತ್ತವೆ. ಅಲ್ಲಿಯೂ ಪ್ರವಾಸದ ಯೋಜನೆ ನಡೆಯುತ್ತದೆ, ಮೇ ತಿಂಗಳಿನಲ್ಲಿ. ಅಕ್ಕಿ ಎಷ್ಟು, ಉಪ್ಪು ಎಷ್ಟು, ಜ್ವರದ ಗುಳಿಗೆ ಯಾರ ಮನೆಯಲ್ಲಿ, ಹಳ್ಳದ ಮೇಲಿನ ಮರದ ಸಂಕ ಈ ಸಲ ತಡೆಯುತ್ತದೋ ಇಲ್ಲವೋ. ರೋಗಿಯನ್ನು ಹೊತ್ತು ಕಾಡು ದಾಟಬೇಕಾದರೆ ಹೆಗಲು ಯಾರವು ಎಂಬುದನ್ನೂ ಯೋಚಿಸಿಟ್ಟಿರಬೇಕು. ಕಾಕಾರ ಹಾಳೆಗಿಂತ ಇದು ಎಲ್ಲ ರೀತಿಯಲ್ಲೂ ಉತ್ತಮ ಯೋಜನೆ, ನೀರು ಇಲ್ಲಿ ಮೊದಲ ಸಾಲಿನಲ್ಲೇ ಇದೆ. ಆದರೆ ಇದನ್ನು ಯಾರೂ ಔಟ್‌ಡೋರ್ ಎಂದು ಕರೆಯುವುದಿಲ್ಲ, ಇಂಥ ದ್ವೀಪಕ್ಕೆ ಫೆರಿಯೂ ಇಲ್ಲ.

ಕಾಕಾ ಇಲ್ಲದಿದ್ದರೆ ನಾವ್ಯಾರೂ ಮನೆ ಬಿಟ್ಟು ಏಳುತ್ತಲೇ ಇರಲಿಲ್ಲ ಎಂಬ ಕೊನೆಯ ಸಮರ್ಥನೆಯನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಬೆಳಗಾವಿಯ ಕಚೇರಿಗಳಿಗೆ ದಿನವೂ ಹೋಗಿಬರುವ ಜನಕ್ಕೆ ವರ್ಷಕ್ಕೆ ಎರಡು ದಿನ ಬೇರೆ ಗಾಳಿ ಸಿಗುವುದು ಅವರ ದೆಸೆಯಿಂದಲೇ. ಹಣ ಕೊಡದವರ ಪಾಲನ್ನೂ ಸದ್ದಿಲ್ಲದೆ ತಾವೇ ತುಂಬುವ ಔದಾರ್ಯ ಅವರದು. ಲೆಕ್ಕ ಆಣೆಪೈಸೆಗೆ ಸರಿಹೋಗಬೇಕೆಂಬ ಹಟವೂ ಅದರಲ್ಲಿ ಬೆರೆತಿರುತ್ತದೆ, ಇರಲಿ. ಹಾಗಾದರೆ ಇಂಥ ಸಾಮರ್ಥ್ಯವನ್ನು ಸ್ವಲ್ಪ ಮೇಲ್ದಿಕ್ಕಿಗೆ ತಿರುಗಿಸಿ, ಅರಣ್ಯ ಇಲಾಖೆಯ ಪರವಾನಗಿ ಪಡೆದು, ಅದೇ ನದಿಯ ಹುಟ್ಟನ್ನು ನೋಡಿ ಬರಬಾರದೇ ಎಂದು ಯಾರಾದರೂ ಸಲಹೆ ಕೊಟ್ಟರೆ ಏನಾದೀತು ಎಂದು ಊಹಿಸುವುದು ಕಷ್ಟವಲ್ಲ.

‘ಅಲ್ಲಿ ಪಾರ್ಕಿಂಗ್ ಐತೇನ್ರೀ?’

‘ಇಲ್ರೀ ಕಾಕಾ. ನಡೀಬೇಕಾಕ್ಕೈತಿ.’

‘ಹೊಳಿ ಮುಂದ ಎಲ್ಲಿಗೆ ಹೋಕ್ಕೈತಿ?’

‘ದಿವಾರಕ್ಕ.’

‘ಹಂಗಿದ್ರ ಅಲ್ಲೇ ನೋಡೂಣು ಬಿಡ್ರಿ.’