ಕಟಪಯಾದಿ ಮಂಡಕ್ಕಿ

ನೆಂಟರ ಮದುವೆಯಲ್ಲಿ ವಾದ್ಯದವರು ‘ಬ್ರೋಚೇವಾರೆವರುರಾ’ ನುಡಿಸುತ್ತಿದ್ದರು. ಯಾರೂ ಕೇಳಿರಲಿಲ್ಲ. ಆದರೂ ಪಕ್ಕದ ಕುರ್ಚಿಯವರ ಕಡೆ ಬಾಗಿ, “ತ್ಯಾಗರಾಜರ ಕೀರ್ತನೆ ನೋಡ್ರಿ” ಅಂದೆ. ಸುಮ್ಮನೆ ಕೂತಿದ್ದರೆ ಆ ದಿನ ಮರ್ಯಾದೆಯಿಂದ ಊಟ ಮಾಡಿ ಮನೆಗೆ ಬರಬಹುದಿತ್ತು. ಪಕ್ಕದಲ್ಲಿದ್ದವರು ಹರಪನಹಳ್ಳಿಯ ನಿವೃತ್ತ ಮೇಷ್ಟ್ರು. ಪಾಠ ನಿಲ್ಲಿಸಿ ವರ್ಷಗಳಾದರೂ ತಪ್ಪು ತಿದ್ದುವ ಕೈ ಇನ್ನೂ ತುರಿಸುತ್ತಲೇ ಇತ್ತು.

“ಯಾರು ಹೇಳಿದ್ರು ನಿಮಗ?” ಅಂದರು.

ಯಾರೂ ಹೇಳಿರಲಿಲ್ಲ. ಹಾಡು ತೆಲುಗಿನಲ್ಲಿದೆ, ಕರೆಯುತ್ತಿರುವುದು ರಾಮನನ್ನು, ಕರೆಯುವ ದನಿಯಲ್ಲಿ ದೈನ್ಯವಿದೆ. ಇಷ್ಟಿದ್ದ ಮೇಲೆ ತ್ಯಾಗರಾಜರಲ್ಲದೆ ಇನ್ಯಾರು? ಇಸ್ತ್ರಿ ಮಾಡಿದ ಬಿಳಿ ಅಂಗಿಯವರೆಲ್ಲ ರಾಜಕಾರಣಿಗಳೆಂದು ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ತಿಳಿಯುವುದಿಲ್ಲವೇ, ಹಾಗೆ. ಮೇಷ್ಟ್ರು ಎಲೆ ಅಡಿಕೆ ಮಡಚುತ್ತಲೇ ವಿಚಾರಣೆ ಮುಗಿಸಿದರು. ರಾಗ ಖಮಾಚ್, ಕರ್ತೃ ಮೈಸೂರು ವಾಸುದೇವಾಚಾರ್ಯರು. 1865ರಲ್ಲಿ ಹುಟ್ಟಿ 1961ರವರೆಗೆ ಬಾಳಿದವರು. ತ್ಯಾಗರಾಜರೋ 1847ರಲ್ಲೇ ತೀರಿಕೊಂಡಿದ್ದರು. ಮೊಸಳೆಯ ಬಾಯಿಂದ ಆನೆಯನ್ನು ಕಾಪಾಡಿದವ ನೀನೇ ಅಲ್ಲವೇ ಎಂದು ಕೇಳುವ ಕಡೆ, ಚರಣದಲ್ಲಿ, ‘ವಾಸುದೇವ’ ಎಂಬ ಅಂಕಿತ ಕಣ್ಣಿಗೆ ರಾಚುವಂತೆ ಕೂತಿದೆಯಂತೆ.

ನನ್ನ ತೊಂದರೆ ಇದ್ದದ್ದೇ ಅಲ್ಲಿ. ಚರಣದವರೆಗೆ ನಾನು ಕೂತವನೇ ಅಲ್ಲ. 1980ರಲ್ಲಿ ‘ಶಂಕರಾಭರಣಂ’ ತೆರೆಗೆ ಬಂದು, ಆಂಧ್ರದ ಗಡಿ ದಾಟಿ ನಮ್ಮ ಕಡೆಯ ಟೆಂಟುಗಳಿಗೂ ಬಂತು. ಅದರಲ್ಲಿ ಈ ಹಾಡು ಶುರುವಾದಾಗ ನಾನು ಶೇಂಗಾ ತರಲು ಎದ್ದಿದ್ದೆ. ಅಂಕಿತ ಬರುವುದು ಕೊನೆಗೆ. ಶೇಂಗಾದವನು ನಿಲ್ಲುವುದು ಬಾಗಿಲಿಗೆ.

ಅಂಕಿತವೆಂದರೆ ನನಗೆ ಯಾವಾಗಲೂ ನೆನಪಾಗುವುದು ನಮ್ಮ ಮದುವೆಮನೆಗಳ ಒಡಪು. ಗಂಡನ ಹೆಸರು ಹೇಳು ಎಂದರೆ ಹೊಸ ಹೆಣ್ಣು ನೇರವಾಗಿ ಹೇಳುತ್ತಾಳೆಯೇ? ಬೆಳ್ಳಿ ಬಟ್ಟಲಿನಿಂದ ಹಿಡಿದು ಹಂಪಿಯ ತೇರಿನವರೆಗೆ ಊರೆಲ್ಲ ಸುತ್ತಿಸಿ, ಎಲ್ಲರೂ ಕಿವಿ ಚೂಪು ಮಾಡಿದ ಮೇಲೆ ಕೊನೆಯಲ್ಲಿ ಹೆಸರನ್ನು ಒಗೆದು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾಳೆ. ದಾಸರೂ ವಾಗ್ಗೇಯಕಾರರೂ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಪುರಂದರ ವಿಠಲ, ಕಾಗಿನೆಲೆಯಾದಿಕೇಶವ, ದೀಕ್ಷಿತರ ಗುರುಗುಹ, ಎಲ್ಲವೂ ಕೊನೆಗೆ ಬರುವ ಹೆಸರುಗಳು. ಅಷ್ಟು ಹೊತ್ತು ತಾಳ್ಮೆಯಿಂದ ಕೂತವರಿಗೆ ಮಾತ್ರ ಗಂಡನ ಗುರುತು.

ಆ ಮದುವೆಯಿಂದ ಶುರುವಾಯಿತು ನಮ್ಮ ಒಗಟಿನ ವ್ಯವಹಾರ. ಮೊದಲು ಕಾರ್ಡಿನಲ್ಲಿ, ಈಗ ಫೋನಿನಲ್ಲಿ. ಪಣ ಕೊಟ್ಟೂರಿನ ಮಂಡಕ್ಕಿ, ಜೊತೆಗೆ ಮೆಣಸಿನಕಾಯಿ ಬಜ್ಜಿ. ನಾನು ಕೊಟ್ಟೂರಿನವನಾದ್ದರಿಂದ ಗೆದ್ದರೂ ಸೋತರೂ ಅಂಗಡಿಯವನಿಗೆ ಕಾಣುವ ಮುಖ ನನ್ನದೇ.

ಒಗಟು ನಮ್ಮ ಸೀಮೆಗೆ ಹೊಸದೇನಲ್ಲ. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ಒಂದೇ ಸಾಲಿನ ಕಾರಣಿಕ ನುಡಿದು ಕೆಳಗೆ ಬಿದ್ದರೆ, ಆ ಸಾಲನ್ನು ಜನ ವರ್ಷವಿಡೀ ಜಗಿಯುತ್ತಾರೆ. ರೈತನಿಗೆ ಅದರಲ್ಲಿ ಮಳೆ, ವ್ಯಾಪಾರಿಗೆ ಧಾರಣೆ, ಪುಢಾರಿಗೆ ಕುರ್ಚಿ. ನಮ್ಮ ಒಗಟಿಗಾದರೆ ಉತ್ತರ ಒಂದೇ, ಅದೊಂದು ಸಮಾಧಾನ.

ಮದುವೆಯಲ್ಲಿ ತಿಂದ ಪೆಟ್ಟನ್ನು ಬೇರೆಯವರಿಗೆ ದಾಟಿಸುವ ಆಸೆಯಿಂದ ಹಡಗಲಿಯ ಬೀಗರಿಗೆ ಒಂದು ಕೇಳಿದೆ: “‘ಕೃಷ್ಣಾ ನೀ ಬೇಗನೆ ಬಾರೋ’ ಯಾರದು, ಬೀಗ್ರೇ?” ಅವರು ಮಲ್ಲಿಗೆ ಬುಟ್ಟಿಯಿಂದ ತಲೆ ಎತ್ತದೆ, “ಪುರಂದರದಾಸರದು, ಮತ್ಯಾರದು?” ಅಂದರು. ಪದ ಅಂದರೆ ಪುರಂದರದಾಸರು, ವಚನ ಅಂದರೆ ಬಸವಣ್ಣ, ಸಾರು ಅಂದರೆ ಬೇಳೆಸಾರು. ನಮ್ಮೆಲ್ಲರ ತಲೆಯೂ ಹೀಗೇ ಕೆಲಸ ಮಾಡುವುದು. ಅದು ಪುರಂದರದಾಸರ ಗುರು ವ್ಯಾಸರಾಯರದು, ಅಂಕಿತ ಶ್ರೀಕೃಷ್ಣ ಎಂದಾಗ ಬೀಗರು, “ಗುರುವಿನದ್ದು ಶಿಷ್ಯಗ ಬರಂಗಿಲ್ಲೇನು?” ಎಂದು ಆಸ್ತಿ ವಿಭಾಗದ ವಾದ ಹೂಡಿದರು. ಮಂಡಕ್ಕಿ ಬರಲಿಲ್ಲ, ಎರಡು ಮೊಳ ಮಲ್ಲಿಗೆ ಬಂತು.

ಕರೆಂಟು ಹೋದ ಒಂದು ರಾತ್ರಿ ನನಗೆ ಕಟಪಯಾದಿಯ ಹುಚ್ಚು ಹತ್ತಿತು. 72 ಮೇಳಕರ್ತ ರಾಗಗಳ ಹೆಸರಿನ ಮೊದಲೆರಡು ಅಕ್ಷರಗಳಲ್ಲಿ ಹಿರಿಯರು ಅವುಗಳ ಸಂಖ್ಯೆಯನ್ನು ಬಚ್ಚಿಟ್ಟಿದ್ದಾರೆ. ಕ, ಟ, ಪ, ಯ ನಾಲ್ಕಕ್ಕೂ ಬೆಲೆ 1. ಅಲ್ಲಿಂದ ಮುಂದಕ್ಕೆ ಎಣಿಸುತ್ತ ಹೋಗಬೇಕು. ಮಾಯಾಮಾಳವಗೌಳದ ‘ಮಾ’ 5, ‘ಯಾ’ 1. ಬಂದದ್ದು 51. ತಿರುವಿ ಹಾಕಿದರೆ 15. ಅದು ಹದಿನೈದನೆಯ ಮೇಳ. ಚಿಮಣಿ ಬೆಳಕಿನಲ್ಲಿ ಕೂತು, ಈ ಲೆಕ್ಕವನ್ನು ನಮ್ಮ ತಾಲ್ಲೂಕುಗಳ ಹೆಸರಿಗೇ ಹಚ್ಚಿದರೆ ಹೇಗೆ ಅನ್ನಿಸಿತು. ಕೆಲಸವಿಲ್ಲದ ಬಡಗಿಯ ಕಥೆ ಗೊತ್ತಲ್ಲ.

ಹಡಗಲಿ: ‘ಹ’ 8, ‘ಡ’ 3, ತಿರುವಿದರೆ 38. ಮೂವತ್ತೆಂಟನೆಯ ಮೇಳ ಯಾವುದು ಗೊತ್ತೇ? ಜಲಾರ್ಣವ! ಹೆಸರಲ್ಲೇ ಹಡಗು ಹೊತ್ತು ತುಂಗಭದ್ರೆಯ ದಡಕ್ಕೆ ಚಾಚಿಕೊಂಡ ತಾಲ್ಲೂಕಿಗೆ ಕಡಲಿನ ರಾಗ. ನಾನು ಚಾಪೆಯಿಂದ ಎದ್ದು ಕೂತೆ. ಹಗರಿಬೊಮ್ಮನಹಳ್ಳಿ: ‘ಹ’ 8, ‘ಗ’ 3, ಅದೂ ಜಲಾರ್ಣವ. ಹೆಸರಿನಲ್ಲಿ ಹೊಳೆಯೇನೋ ಇದೆ, ಬೇಸಿಗೆಯಲ್ಲಿ ಆ ಹಗರಿಯನ್ನು ಚಪ್ಪಲಿ ನೆನೆಯದೆ ದಾಟಬಹುದೆಂಬುದು ಬೇರೆ ಮಾತು. ನಮ್ಮ ಕೊಟ್ಟೂರು 11, ಕೋಕಿಲಪ್ರಿಯ. ಇಲ್ಲಿ ಕೋಗಿಲೆಗಿಂತ ಲಾರಿಯ ಹಾರ್ನು ಹೆಚ್ಚು, ಆದರೂ ಬಂದ ಭಾಗ್ಯವನ್ನು ಬೇಡ ಅನ್ನಬಾರದು. ಕೂಡ್ಲಿಗಿಯಲ್ಲಿ ಒತ್ತಕ್ಷರದ ತಕರಾರು ಬಂತು, ಅದೂ ತಾನಾಗಿ ಬಗೆಹರಿಯಿತು: ‘ಡ’ ಹಿಡಿದರೂ 3, ‘ಲ’ ಹಿಡಿದರೂ 3. ಅಲ್ಲಿಗೆ 31, ಯಾಗಪ್ರಿಯ.

ಹರಪನಹಳ್ಳಿ ಸಾಕ್ಷಾತ್ 28, ಹರಿಕಾಂಭೋಜಿ. ಬೆಳಗಾಗುವುದನ್ನೇ ಕಾದು ಮೇಷ್ಟ್ರಿಗೆ ಫೋನು ಮಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಖಮಾಚ್ ರಾಗ ಹರಿಕಾಂಭೋಜಿಯ ಜನ್ಯ. ಅಂದ್ರ ನಿಮ್ಮ ಬ್ರೋಚೇವಾರೆವರುರಾ ನಮ್ಮೂರ ಮೊಮ್ಮಗಳು ಆತಲ್ರೀ” ಎಂದರು. ಹಳೆಯ ಗಾಯ ಮತ್ತೆ ಹಸಿಯಾಯಿತು.

ನಾನೂ ಬಿಡಲಿಲ್ಲ. ಹರಪನಹಳ್ಳಿಗೆ ಮೇಳಕ್ಕಿಂತ ಗ್ರಹಭೇದವೇ ಹೆಚ್ಚು ಒಪ್ಪುತ್ತದೆ ಅಂದೆ. ಗ್ರಹಭೇದವೆಂದರೆ ಸ್ವರಗಳು ಇದ್ದಲ್ಲೇ ಇರುತ್ತವೆ, ಷಡ್ಜ ಮಾತ್ರ ಜಾಗ ಬದಲಿಸುತ್ತದೆ, ಕೇಳುವವರಿಗೆ ಬೇರೆಯದೇ ರಾಗ. ಮೋಹನದ ರಿಷಭವನ್ನು ಷಡ್ಜ ಮಾಡಿಕೊಂಡರೆ ಮಧ್ಯಮಾವತಿ, ಗಾಂಧಾರವನ್ನು ಮಾಡಿಕೊಂಡರೆ ಹಿಂದೋಳ. ಬಳ್ಳಾರಿ ಜಿಲ್ಲೆಯಲ್ಲಿದ್ದ ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಊರು ಒಂದಿಂಚೂ ಅಲುಗಲಿಲ್ಲ. ಅರ್ಜಿ ಹಿಡಿದವರು ಮಾತ್ರ ಷಡ್ಜ ಹುಡುಕುತ್ತ ಅಲೆದರು.

ಮೇಷ್ಟ್ರು ನಕ್ಕರು. ಅದೇ ಗಳಿಗೆ ನೋಡಿ ಕೇಳಿಬಿಟ್ಟೆ: “‘ಭೀಮೇಶಕೃಷ್ಣ’ ಯಾರ ಅಂಕಿತ?”

ಅವರು ವಿಜಯದಾಸರ ಶಿಷ್ಯರನ್ನೆಲ್ಲ ಒಬ್ಬೊಬ್ಬರಾಗಿ ಎಣಿಸಿದರು. ಗೋಪಾಲದಾಸರು ಗೋಪಾಲ ವಿಠಲ, ಜಗನ್ನಾಥದಾಸರು ಜಗನ್ನಾಥ ವಿಠಲ... ಮಾನವಿಯವರೆಗೆ ಹೋಗಿ ಹುಡುಕಿ ಬಂದರು. ಹೆಳವನಕಟ್ಟೆ ಗಿರಿಯಮ್ಮನ ಹತ್ತಿರ ಬಂದಾಗ ನನಗೆ ಎದೆ ಹಾರಿತು, ಅಷ್ಟು ಸಮೀಪ. ಆದರೆ ದಾಟಿ ಹೋದರು. ಕೊನೆಗೆ ನಾನೇ ಹೇಳಬೇಕಾಯಿತು: ಹರಪನಹಳ್ಳಿ ಭೀಮವ್ವ. ಹತ್ತೊಂಬತ್ತನೆಯ ಶತಮಾನದ ಹರಿದಾಸಿ. ಕಚೇರಿ ವೇದಿಕೆಗಿಂತ ಆರತಿ ತಟ್ಟೆಯ ಸುತ್ತ, ಹೆಂಗಸರ ಬಾಯಲ್ಲಿ ಬಾಳಿದ ಹಾಡುಗಳು ಅವು. ಮೇಷ್ಟ್ರ ಊರಿನದೇ ಹೆಸರು.

ಅತ್ತ ಕಡೆಯಿಂದ ದೀರ್ಘ ಮೌನ. ಆಮೇಲೆ, “ಪ್ರಶ್ನೆ ತಪ್ಪೈತಿ. ಆಗ ಹರಪನಹಳ್ಳಿ ಮದ್ರಾಸ್ ಪ್ರಾಂತ್ಯದಾಗಿತ್ತು” ಎಂಬ ಕಾನೂನು. ಮಾರನೆಯ ವಾರ ಕೊಟ್ಟೂರಿಗೆ ಬಂದಾಗ ಮಾತ್ರ ಬಜ್ಜಿಯ ದುಡ್ಡನ್ನು ಮಾತಿಲ್ಲದೆ ಕೊಟ್ಟರು.

ಉಳಿದದ್ದು ಕೂಡ್ಲಿಗಿ. ಅಲ್ಲಿ ನನ್ನ ಷಡ್ಡಕರಿದ್ದಾರೆ. ಯಾಗಪ್ರಿಯದ ಸುದ್ದಿ ತಿಳಿದಾಗಿನಿಂದ ಮುಖ ಊದಿಸಿಕೊಂಡಿದ್ದರು. “ಯಾರೂ ಹಾಡದ ರಾಗ ನಮಗ ಕಟ್ಟೀರಿ” ಎಂಬುದು ಅವರ ದೂರು. ಬಾಲಮುರಳಿಕೃಷ್ಣರು 72 ಮೇಳಗಳಲ್ಲೂ ಕೃತಿ ರಚಿಸಿದ್ದಾರೆ, ನಿಮ್ಮದೂ ಅದರಲ್ಲಿದೆ ಎಂದು ಸಮಾಧಾನ ಹೇಳಿದ್ದೆ. ಸಾಲಲಿಲ್ಲ. ಮೊನ್ನೆ ರಾತ್ರಿ ಹತ್ತೂವರೆಗೆ ಫೋನು.

“ದೀಕ್ಷಿತರ ಸಂಪ್ರದಾಯದಾಗ ಮೇಳದ ಹೆಸರು ಬ್ಯಾರೆ ಅದಾವು. ಗೊತ್ತೈತಿಲ್ಲೋ?”

“ಐತಿ...”

“ಅದರಾಗ 31 ಕಲಾವತಿ! ‘ಕಲಾವತೀ ಕಮಲಾಸನ ಯುವತೀ’ ಅಂತ ದೀಕ್ಷಿತರೇ ಮಾಡ್ಯಾರ, ಸರಸ್ವತಿ ಮ್ಯಾಲೆ. ನಿಮ್ಮ ಯಾಗಪ್ರಿಯ ನೀವೇ ಇಟ್ಟುಕೋರಿ. ಆಯ್ತವಾರ ಬರ್ತೀನಿ, ಎರಡು ಪ್ಲೇಟು.”

ಫೋನಿಟ್ಟ ಮೇಲೆ, ಆ ಪಟ್ಟಿಯಲ್ಲಿ ನಮ್ಮ ಕೊಟ್ಟೂರಿಗೆ ಏನು ಬಂದಿದೆ ಎಂದು ಪುಸ್ತಕ ತೆಗೆದು ನೋಡಿದೆ. ಕೋಕಿಲಾರವ. ಹೊರಗೆ ಹತ್ತು ಗಾಲಿಯ ಲಾರಿಯೊಂದು ಹಾರ್ನು ಹೊಡೆಯುತ್ತ ಹೋಯಿತು.