ಕನ್ಯಾಪಿತೃ ಭಾರತ ಸರ್ಕಾರ

ಮಗಳ ಮದುವೆಗೆ ಹಿರಿಯರ ಅಪ್ಪಣೆ ಬೇಕು ಅನ್ನೋದು ಹಳ್ಳಿಯವರ ಹಳೇ ಚಾಳಿ ಎಂದು ನಗಬೇಡಿ. 1961ರ ವಿದೇಶಾಂಗ ಸೇವಾ ನಿಯಮಗಳಲ್ಲಿ ಕನ್ಯಾಪಿತೃವಿನ ಜಾಗದಲ್ಲಿ ಕೂತಿದ್ದದ್ದು ಸಾಕ್ಷಾತ್ ಭಾರತ ಸರ್ಕಾರ. ಮಹಿಳಾ ಅಧಿಕಾರಿ ತಾಳಿ ಕಟ್ಟಿಸಿಕೊಳ್ಳುವ ಮುಂಚೆ ಅದರ ಲಿಖಿತ ಅನುಮತಿ ಪಡೆಯಬೇಕಿತ್ತು. ಮದುವೆಯಾದ ಮೇಲೂ, ಸಂಸಾರದ ತಾಪತ್ರಯ ಕೆಲಸಕ್ಕೆ ಅಡ್ಡ ಬಂದೀತು ಅನ್ನಿಸಿದರೆ ರಾಜೀನಾಮೆ ಕೇಳಬಹುದಿತ್ತು. ಅಡ್ಡ ಬರಲೇಬೇಕೆಂದಿರಲಿಲ್ಲ, ಬಂದೀತು ಅನ್ನಿಸಿದರೆ ಸಾಕಿತ್ತು. ಗಂಡಸರಿಗೆ ಈ ಭಯವಿರಲಿಲ್ಲ. ಅವರ ಸಂಸಾರ ನೋಡಿಕೊಳ್ಳಲು ಸಂಬಳವಿಲ್ಲದ ಹೆಂಡತಿ ಇದ್ದಳಲ್ಲ!

ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ 1949ರಲ್ಲಿ ಈ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾದರೆ ಕೆಲಸ ಬಿಡುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡೇ ಒಳಗೆ ಬಿಟ್ಟರು. ಆಕೆ ಮದುವೆಯಾಗಲಿಲ್ಲ. ಹಂಗೇರಿಯಲ್ಲಿ ರಾಯಭಾರಿಯಾದರು. ಮೇಲಿನ ದರ್ಜೆಯ ಬಡ್ತಿಯ ಸರದಿ ಬಂದಾಗ ಮಾತ್ರ 'ಅರ್ಹತೆ ಸಾಲದು' ಎಂದಿತು ಆಯ್ಕೆ ಮಂಡಳಿ. ಕಿರಿಯರು ಮೇಲೇರಿದರು. ಸಂಸಾರವೇ ಇಲ್ಲದವಳಿಗೆ ಸಂಸಾರದ ನೆಪ ಒಡ್ಡಲಾದೀತೆ?

ಮುತ್ತಮ್ಮ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. ಆಗ ನಡೆಯಿತು ಪವಾಡ! ಮೂರು ದಶಕದ ಸೇವೆಯಲ್ಲಿ ಸಾಲದಿದ್ದ ಅರ್ಹತೆ ಕೆಲವೇ ತಿಂಗಳಲ್ಲಿ ತುಂಬಿ ತುಳುಕಿತು. ಬಡ್ತಿ ಕೊಟ್ಟಾಯ್ತಲ್ಲ, ಇನ್ನು ಕೇಸು ಯಾಕೆ ಎಂದಿತು ಸರ್ಕಾರ. 1979ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅರ್ಜಿಯನ್ನೇನೋ ವಜಾ ಮಾಡಿದರು, ಸರ್ಕಾರದ ಬೆನ್ನಿಗೆ ಚಾಟಿ ಬೀಸಿಯೇ ಮಾಡಿದರು. ಸಂಸಾರ ಹೆಣ್ಣಿಗೆ ಅಡ್ಡಿಯಾದರೆ ಗಂಡಿಗೂ ಆದೀತಲ್ಲ ಎಂದು ಕೇಳಿದರು. ಆಕೆಯ ಜ್ಯೇಷ್ಠತೆಯನ್ನು ಮರುಪರಿಶೀಲಿಸಿ ಎಂದರು.

ದಿಲ್ಲಿಯ ಈ ಪುರಾಣ ಮೆಣಸಿನಕಾಯಿ ಬೆಳೆಯುವ ಬಾದನಹಟ್ಟಿ ಹಳ್ಳಿಗೆ ಯಾಕೆ ಅನ್ನುತ್ತೀರಾ? ಮುತ್ತಮ್ಮನವರಿಗೆ ಅನ್ಯಾಯ ಮಾಡಿದವರು ಅದನ್ನು ಕಡತದಲ್ಲಿ ಬರೆದಿಟ್ಟಿದ್ದರು. ಇಲ್ಲಿ ಮೆಣಸಿನಕಾಯಿ ಬಿಡಿಸುವ ಹೆಣ್ಣಾಳಿಗೆ ಆ ಭಾಗ್ಯವೂ ಇಲ್ಲ. ಸಮಾನ ವೇತನದ ಕಾಯ್ದೆ 1976ರಲ್ಲೇ ಹೊರಟಿತು, ಹೊಲದ ಬದುವಿನ ತನಕ ಬಂದು ನಿಂತಿತು. 'ಗಂಡಾಳಿಗೆ ಅಷ್ಟು, ನಮಗ್ಯಾಕ ಇಷ್ಟು?' ಎಂದು ಬಾಯಿಬಿಟ್ಟವಳಿಗೆ ಮೇಸ್ತ್ರಿ ಬೈಯುವುದಿಲ್ಲ, ಬಡಿಯುವುದಿಲ್ಲ. 'ನಾಳಿಗೆ ಆಳು ಸಾಕವ್ವ' ಅನ್ನುತ್ತಾನೆ, ಅಷ್ಟೇ. ಮರುದಿನ ಆಳುಗಳನ್ನು ಹೊಲಕ್ಕೆ ಒಯ್ಯುವ ಆಟೋ ಆಕೆಯ ಓಣಿಗೆ ಬರುವುದಿಲ್ಲ.

ಕೋರ್ಟಿನ ನೋಟಿಸು ಕಂಡರೆ ಮಾತ್ರ ಹೆಣ್ಣಿನ ಅರ್ಹತೆ ಧಣಿಗಳ ಕಣ್ಣಿಗೆ ಬೀಳುತ್ತದೆಂದು ಮುತ್ತಮ್ಮ ತೋರಿಸಿಕೊಟ್ಟರು. ಸರಿ, ಕಳಿಸೋಣ. ಆದರೆ ಹಾಜರಿ ಪುಸ್ತಕವಿಲ್ಲದ, ಬೋರ್ಡಿಲ್ಲದ, ರಸೀದಿ ಕೊಡದ ಧಣಿಯ ವಿಳಾಸ ಏನಂತ ಬರೆಯೋದು?