ನಮ್ಮ ಜೀಪಿನ ಹೊಗೆಯವರ ಸನ್ನಿಧಾನಕ್ಕೆ

ಸುಂಟಿಕೊಪ್ಪ

ನಮ್ಮ ಹಳೆಯ ಡೀಸೆಲ್ ಜೀಪಿನ ಸೈಲೆನ್ಸರಿನಲ್ಲಿ ವಾಸವಾಗಿರುವ ಹೊಗೆ ಮಹಾಶಯರಿಗೆ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ಬೆಳಿಗ್ಗೆ ಆರಕ್ಕೆ ಕೀಲಿ ತಿರುಗಿಸಿದ ಕೂಡಲೇ ಅಂಗಳ, ಕಾಫಿ ಕಣ, ಲೈನ್‌ಮನೆಗಳ ಸಾಲು ಎಲ್ಲವನ್ನೂ ಒಂದೇ ಉಸಿರಿಗೆ ತುಂಬಿಬಿಡುತ್ತೀರಿ. ಇತ್ತ ನಮ್ಮ ಕ್ಷೇಮದ ಬಗ್ಗೆ ನಾಲ್ಕು ಮಾತು ಅರಿಕೆ ಮಾಡಿಕೊಳ್ಳಬೇಕಾಗಿದೆ. ದಯವಿಟ್ಟು ಅವಧರಿಸಬೇಕು.

ಮೊದಲು ಕೃತಜ್ಞತೆ. ಈ ಗಾಡಿಯಲ್ಲಿ ತಮ್ಮಷ್ಟು ಸತ್ಯವಂತರು ಇನ್ನೊಬ್ಬರಿಲ್ಲ. ಡೀಸೆಲ್ ಮುಳ್ಳು ಸುಳ್ಳು ಹೇಳುತ್ತದೆ, ಟೆಂಪರೇಚರ್ ಮುಳ್ಳು ಸತ್ತು ವರ್ಷಗಳಾದವು. ತಾವೊಬ್ಬರೇ ಒಳಗಿನ ಸಂಗತಿಯನ್ನು ಬಣ್ಣದಲ್ಲಿ ಬರೆದು ಹೊರಗೆ ಕಳಿಸುತ್ತ ಬಂದಿದ್ದೀರಿ. ಕಪ್ಪಾದರೆ ಡೀಸೆಲ್ ಹೆಚ್ಚು, ಗಾಳಿ ಕಮ್ಮಿ. ಬಿಳಿಯಾದರೆ ಡೀಸೆಲ್ ಉರಿಯದೆ ಹಾಗೇ ಹೊರಬಿತ್ತು, ಇಲ್ಲವೇ ರೇಡಿಯೇಟರಿನ ನೀರು ಒಳಗೆ ಸೇರಿತು. ನೀಲಿಯಾದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಇಷ್ಟೇ ಅಕ್ಷರಮಾಲೆ. ಆದರೆ ಅದನ್ನು ಓದಲು ಕಲಿಯುವ ತನಕ ನನ್ನ ಕೈಯಿಂದ ಎಷ್ಟು ಖರ್ಚು ಮಾಡಿಸಿದಿರಿ ಎಂಬುದನ್ನು ಹೇಳದೆ ಇರಲಾರೆ.

ಹೋದ ವರ್ಷ ಕಾಫಿ ಕುಯ್ಲಿನ ಕಾಲಕ್ಕೆ ಸರಿಯಾಗಿ ತಾವು ಕಪ್ಪಾಗಿ ದಯಮಾಡಿಸಿದಿರಿ. ಮೂಟೆ ಹೇರಿಕೊಂಡು ಬೋಯಿಕೇರಿಯ ಏರಿನಲ್ಲಿ ಎರಡನೇ ಗೇರಿಗೆ ಬಂದರೆ ಹಿಂದಿನ ಬಸ್ಸೇ ಕನ್ನಡಿಯಲ್ಲಿ ಕಾಣುತ್ತಿರಲಿಲ್ಲ. ಗ್ಯಾರೇಜಿನಲ್ಲಿ ತಮ್ಮನ್ನು ಅರೆಗಳಿಗೆ ನೋಡಿದವರು "ಡೀಸೆಲ್ ಪಂಪ್ ಬಿಚ್ಚೋದೇ ಸಾರ್" ಅಂದರು. ಬಿಚ್ಚಿದರು. ಕ್ಯಾಲಿಬ್ರೇಶನ್‌ಗೆ ಮೈಸೂರಿಗೆ ಹೋಗಿ ಬಂತು. ತಾವು ಕದಲಲಿಲ್ಲ. ನಾಲ್ಕೂ ನೋಝಲ್ ಹೊಸದಾದವು. ಆಗಲೂ ಕದಲಲಿಲ್ಲ. ಪಾಪ, ಆ ಪಂಪ್ ಏನು ತಪ್ಪು ಮಾಡಿತ್ತು? 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ನಮ್ಮ ಕಡೆ ಇವತ್ತಿಗೂ ಅದು ಮೈಕೋ ಪಂಪೇ. ಶುದ್ಧ ಡೀಸೆಲ್ ಕುಡಿಸಿದರೆ ಎಷ್ಟೋ ವರ್ಷ ತಕರಾರಿಲ್ಲದೆ ದುಡಿಯುವ ಜೀವ. ಸೀಲ್ ಒಡೆದು ಅದರ ಸ್ಕ್ರೂ ತಿರುಗಿಸುವುದು ಕೊನೆಯ ಕೆಲಸವಾಗಬೇಕು. ನಮ್ಮಲ್ಲಿ ಅದೇ ಮೊದಲನೆಯದಾಯಿತು.

ಕೊನೆಗೆ ಒಂದು ಭಾನುವಾರ ಏರ್ ಕ್ಲೀನರಿನ ಬಟ್ಟಲನ್ನು ನಾನೇ ಕಳಚಿದೆ. ಹಳೆ ಗಾಡಿಗಳಲ್ಲಿ ಅದು ಆಯಿಲ್ ಬಾತ್: ಒಳಗೆ ಬರುವ ಗಾಳಿ ಎಣ್ಣೆಯ ಮೇಲೆ ಹಾದು, ದೂಳನ್ನು ಅಲ್ಲೇ ಬಿಟ್ಟು ಮುಂದೆ ಹೋಗಬೇಕು. ಬಟ್ಟಲಲ್ಲಿ ಎಣ್ಣೆ ಎಂಬ ಪದಾರ್ಥವೇ ಇರಲಿಲ್ಲ. ಕೊಪ್ಪರಿಗೆಯ ತಳ ಹಿಡಿದ ಬೆಲ್ಲದ ಹಾಗೆ ಕಪ್ಪು ಕೆಸರು. ಅದರೊಳಗೆ ಕಣದ ದೂಳು, ಒಣಗಿದ ಕಾಫಿ ಹಣ್ಣಿನ ಸಿಪ್ಪೆ, ಮೊದಲ ಮಳೆಗೆ ಎದ್ದ ಈಚಲು ಹುಳುಗಳ ರೆಕ್ಕೆಗಳು. ಹಳೇ ಚಮಚದಿಂದ ಕೆರೆದು ತೆಗೆದೆ. ಡೀಸೆಲ್‌ನಲ್ಲಿ ತೊಳೆದು, ಗುರುತಿನ ತನಕ ಹೊಸ ಎಣ್ಣೆ ಹಾಕಿದೆ. ಅದೇ ಸಂಜೆ ಅದೇ ಏರಿನಲ್ಲಿ ಹಿಂದಿನ ಬಸ್ಸು ಕನ್ನಡಿಯಲ್ಲಿ ನಿಚ್ಚಳವಾಗಿ ಕಂಡಿತು. ಈಗಲೂ ಹೊರೆ ಹೊತ್ತಾಗ ತಾವು ತುಸು ಕಪ್ಪಾಗುತ್ತೀರಿ, ಅದಕ್ಕೆ ದೂರಿಲ್ಲ. ಮಡಿಕೇರಿ 1,100 ಮೀಟರಿಗೂ ಎತ್ತರದಲ್ಲಿದೆ, ಅಲ್ಲಿಯ ಗಾಳಿ ಮಂಗಳೂರಿನ ಗಾಳಿಗಿಂತ ಹತ್ತರಲ್ಲೊಂದು ಪಾಲು ತೆಳು. ಟರ್ಬೋ ಇಲ್ಲದ ಇಂಜಿನ್ ಅಷ್ಟರಲ್ಲೇ ಉಸಿರಾಡಬೇಕು.

ಡಿಸೆಂಬರಿನಲ್ಲಿ ತಾವು ಬಿಳಿಯಾಗಿ ಬಂದಿರಿ. ಮಂಜಿನೊಳಗೆ ಮಂಜಾಗಿ ಬಂದ ಆ ಸೌಜನ್ಯಕ್ಕೆ ನಾನು ಮೂರು ವಾರ ಮೋಸಹೋದೆ. ಚೆಟ್ಟಳ್ಳಿ ಕಡೆಯ ಹಿರಿಯ ಲಾರಿ ಚಾಲಕರೊಬ್ಬರು ಬಂದು ಮೂರೇ ಪ್ರಶ್ನೆ ಕೇಳಿದರು: ಯಾವಾಗ ಬರುತ್ತೆ, ಎಷ್ಟು ಹೊತ್ತು ನಿಲ್ಲುತ್ತೆ, ವಾಸನೆ ಏನು? ನಾನು ಬಣ್ಣವೊಂದನ್ನೇ ನೋಡುತ್ತಿದ್ದೆ. ಅವರು ಬಿಳಿ ಪಂಚೆಯ ತುಂಡೊಂದನ್ನು ಕೊಳವೆಯ ಬಾಯಿಗೆ ಹಿಡಿದು, ಬೆರಳಲ್ಲಿ ಉಜ್ಜಿ, ಮೂಗಿಗೆ ತಂದರು. ಒಣ ಮಸಿಯಾದರೆ ಉರಿ ಅರ್ಧಕ್ಕೇ ನಿಂತ ಡೀಸೆಲ್. ಜಿಡ್ಡಾದರೆ ಆಯಿಲ್. ಬರೀ ಒದ್ದೆಯಾಗಿ, ಸಿಹಿ ವಾಸನೆ ಬಂದರೆ ಕೂಲಂಟ್, ಅಂದರೆ ಹೆಡ್ ಗ್ಯಾಸ್ಕೆಟ್‌ಗೆ ಕಂಟಕ. ನಮ್ಮ ತುಂಡು ಕಣ್ಣು ಉರಿಯುವಷ್ಟು ಹಸಿ ಡೀಸೆಲ್ ನಾತ ಹೊಡೆಯಿತು.

ಡೀಸೆಲ್ ಇಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಸುಮಾರು ಇಪ್ಪತ್ತರಲ್ಲೊಂದು ಪಾಲಿಗೆ ಅದುಮಿದಾಗ ಹುಟ್ಟುವ ಕಾವಿನಿಂದಲೇ ಡೀಸೆಲ್ ಹೊತ್ತಿಕೊಳ್ಳಬೇಕು. ಚಳಿಯಲ್ಲಿ ಆ ಕಾವು ಸಾಲದೆಂದೇ ಹೀಟರ್ ಪ್ಲಗ್. ಅವರು ಹದಿನೇಳರ ಸ್ಪ್ಯಾನರ್ ಹಿಡಿದು ನೋಝಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಬಿಗಿದರು. ಮೂರು ಸಿಲಿಂಡರುಗಳಲ್ಲಿ ಇಂಜಿನ್ ತಡವರಿಸಿತು. ಮೂರನೇ ಸಿಲಿಂಡರಿನದು ಸಡಿಲಿಸಿದರೆ ಮಾತ್ರ ಸದ್ದು ಬದಲಾಗಲೇ ಇಲ್ಲ. ಉರಿಯದೆ ಕೂತದ್ದು ಅದೇ. ಅಲ್ಲಿನ ಹೀಟರ್ ಪ್ಲಗ್ ಸತ್ತಿತ್ತು. ಇದರ ನಡುವೆ ಆಯಿಲ್ ಮುಚ್ಚಳದ ಅಡಿಯಲ್ಲಿ ಹಾಲು ಬೆರೆಸಿದ ಕಾಫಿಯಂಥ ನೊರೆ ಕಂಡು ಹೆಡ್ ಬಿಚ್ಚಲು ಹೊರಟವರಿದ್ದರು. ಕೊಡಗಿನ ತೇವಕ್ಕೆ, ದಿನಕ್ಕೆ ಎರಡು ಮೈಲಿ ಓಡುವ ಗಾಡಿಯಲ್ಲಿ ಆ ನೊರೆ ಸುಮ್ಮನೆಯೂ ಕೂರುತ್ತದೆ. ರೇಡಿಯೇಟರಿನ ನೀರು ಇಳಿಯುತ್ತಿದೆಯೇ, ಅದರಲ್ಲಿ ಗುಳ್ಳೆ ಏಳುತ್ತಿದೆಯೇ ಎಂದು ನೋಡದೆ ಹೆಡ್ ಮುಟ್ಟಬಾರದು.

ಈಗ ನಿಜವಾದ ದೂರು. ನನ್ನ ಹಣ ಹೋದದ್ದಕ್ಕೆ ತಮ್ಮನ್ನು ಕ್ಷಮಿಸಬಲ್ಲೆ. ಆದರೆ ಓಡುವ ಜೀಪಿನ ಹಿಂದೆ ಗಾಳಿಯ ಒತ್ತಡ ಕಮ್ಮಿಯಾಗಿ, ತಾವು ತೆರೆದ ಟಾರ್ಪಾಲಿನ ಒಳಕ್ಕೇ ಮರಳಿ ಬರುತ್ತೀರಲ್ಲ, ಅಲ್ಲಿ ಕೂತಿರುವವರು ಕುಯ್ಲಿಗೆ ಹೊರಟ ಹೆಂಗಸರು. ಒಬ್ಬಾಕೆ ಸೆರಗನ್ನು ಮಗುವಿನ ಮೂಗಿಗೆ ಒತ್ತಿ ಹಿಡಿದದ್ದನ್ನು ನಾನು ನೋಡಿದೆ. ತೋಟಕ್ಕೆ ತಲುಪುವ ತನಕ ಆ ಕೈ ಇಳಿಯಲಿಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಖಚಿತವಾಗಿ ಹೇಳಿತು. ಹೊಗೆ ತಪಾಸಣೆಯ ಚೀಟಿ ನನ್ನ ಹತ್ತಿರ ಇದೆ, ತಾವು 65 ಹಾರ್ಟ್‌ರಿಡ್ಜ್ ಮಿತಿಯೊಳಗೇ ಇದ್ದೀರಿ. ತಪಾಸಣೆಯ ಯಂತ್ರ ತಮ್ಮ ಮೂಲಕ ಬೆಳಕು ಎಷ್ಟು ಹಾಯುತ್ತದೆಂದು ಅಳೆಯುತ್ತದೆ. ಸೆರಗು ಹಿಡಿದವಳ ಉಸಿರನ್ನು ಅಳೆಯುವುದಿಲ್ಲ. ಅಂದಿನಿಂದ ಹಿಂದೆ ಯಾರನ್ನೂ ಕೂರಿಸಿಲ್ಲ. ಬಾಡಿಗೆ ಗಾಡಿಗೆ ದುಡ್ಡು ಕೊಡುತ್ತಿದ್ದೇನೆ.

ಕಪ್ಪು ಹೋಯಿತು, ಬಿಳಿ ಹೋಯಿತು. ಈ ತಿಂಗಳು ತಾವು ನೀಲಿಯಾಗಿ ಚಿತ್ತೈಸಿದ್ದೀರಿ. ಆಯಿಲ್ ಮುಚ್ಚಳ ತೆಗೆದು ಅಂಗೈ ಹಿಡಿದೆ, ಒಳಗಿನಿಂದ ಬುಸುಬುಸು ಎಂದು ಹೊಮ್ಮುವುದು ತುಸು ಜೋರಾಗಿದೆ ಅನಿಸಿತು. ಆದರೆ ಹೊಸದಾಗಿದ್ದಾಗ ಎಷ್ಟಿತ್ತೆಂದು ಹಿಡಿದು ನೋಡಿದವನಲ್ಲ. ನಾಳೆ ಬೆಳಿಗ್ಗೆ ಬೋಯಿಕೇರಿ ಮಾರ್ಗವಾಗಿ ಮಡಿಕೇರಿಗೆ ಹತ್ತಿ, ಅದೇ ದಾರಿಯಲ್ಲಿ ಇಳಿಯುತ್ತೇನೆ. ನೆರೆಮನೆಯ ಹುಡುಗ ಬೈಕಿನಲ್ಲಿ ಹಿಂದೆ, ಸಾಕಷ್ಟು ದೂರದಲ್ಲಿ ಬರುತ್ತಾನೆ. ಏರುವ ಉದ್ದಕ್ಕೂ ತಾವು ನೀಲಿಯಾಗಿದ್ದರೆ ಪಿಸ್ಟನ್ ರಿಂಗು ಸವೆದಿದೆ, ಪೂರ್ತಿ ಇಂಜಿನ್ ಕೆಲಸ. ಇಳಿಜಾರಿನಲ್ಲಿ ಕಾಲೆತ್ತಿ ಬಂದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಒಂದು ಮುದ್ದೆ ಕಾಣಿಸಿಕೊಂಡರೆ ವಾಲ್ವ್ ಸೀಲು, ಸಣ್ಣ ಖರ್ಚಿನಲ್ಲಿ ಮುಗಿಯುತ್ತದೆ. ಕುಯ್ಲಿಗೆ ಇನ್ನು ಹೆಚ್ಚು ದಿನವಿಲ್ಲ. ಇಷ್ಟು ವರ್ಷದ ಒಡನಾಟದ ಮೇಲೆ ಕೈಮುಗಿದು ಕೇಳಿಕೊಳ್ಳುತ್ತೇನೆ: ತಮ್ಮ ದರ್ಶನ ಇಳಿಜಾರಿನಲ್ಲೇ ಆಗಲಿ.

ಇಂತಿ ತಮ್ಮ ವಿಧೇಯ,
ಜೀಪಿನ ಯಜಮಾನ